ಏಳು ದಿನದ ಯಾನಕ್ಕೆ ಆರು ದಿನದ ಯೋಜನೆ

ಕಾರು ಬಾಡಿಗೆಗೆ ಬೇಕೆಂದರೆ ಚಾಲನಾ ಪರವಾನಗಿ ತೋರಿಸಬೇಕು. ಆದರೆ ಅಡಿಗೆಮನೆ, ಮಲಗುವ ಕೋಣೆ, ಬಚ್ಚಲು ಎಲ್ಲವೂ ಇರುವ ನಲವತ್ತಡಿ ಉದ್ದದ ಹಾಯಿದೋಣಿಯೊಂದನ್ನು ಯಾವ ಪರವಾನಗಿಯೂ ಇಲ್ಲದೆ ಒಂದು ವಾರಕ್ಕೆ ಬಾಡಿಗೆ ಹಿಡಿದು, ಸಮುದ್ರದ ಮೇಲೆ ತಾವೇ ನಡೆಸಿಕೊಂಡು ಹೋಗಬಹುದಾದ ಜಾಗವೊಂದಿದೆ. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ರಾಜ್ಯದ ಪೂರ್ವ ಕರಾವಳಿಯಲ್ಲಿರುವ ವಿಟ್‌ಸಂಡೇ ದ್ವೀಪಗಳೇ ಆ ಜಾಗ. ನಾವಿಕನನ್ನು ಕೊಡದೆ ಬರಿಯ ದೋಣಿಯನ್ನಷ್ಟೇ ಕೊಡುವ ಈ ಪದ್ಧತಿಗೆ ಅಲ್ಲಿ 'ಬೇರ್‌ಬೋಟ್' ಎನ್ನುತ್ತಾರೆ. ಬಾಡಿಗೆಗೆ ಕೊಡುವವರು ಕೆಲವು ಗಂಟೆಗಳ ಕಾಲ ಎಲ್ಲವನ್ನೂ ತೋರಿಸಿ, ಒಂದಿಷ್ಟು ದೂರ ನಡೆಸಿ ನೋಡಿ, ಆಮೇಲೆ ಕೈಬೀಸಿ ಕಳುಹಿಸಿಕೊಡುತ್ತಾರೆ.

ಕೇಳುವುದಕ್ಕೆ ಹುಚ್ಚುತನದಂತೆ ಕಾಣುವ ಈ ಏರ್ಪಾಡಿಗೆ ಕಾರಣ ಅಲ್ಲಿನ ಭೂಗೋಳ. ದಕ್ಷಿಣ ಅಕ್ಷಾಂಶ ಸುಮಾರು 20 ಡಿಗ್ರಿಯಲ್ಲಿ, ಅಂದರೆ ಉಷ್ಣವಲಯದೊಳಗೆ, 74 ದ್ವೀಪಗಳು ಒಂದರ ಪಕ್ಕ ಒಂದರಂತೆ ಹರಡಿವೆ. ಒಂದು ದ್ವೀಪದಿಂದ ಇನ್ನೊಂದು ಕಣ್ಣಿಗೆ ಕಾಣುತ್ತದೆ. ಪೂರ್ವದಲ್ಲಿ 2300 ಕಿಲೋಮೀಟರಿಗೂ ಉದ್ದವಾದ ಗ್ರೇಟ್ ಬ್ಯಾರಿಯರ್ ರೀಫ್ ಎಂಬ ಹವಳದ ಸಾಲು ಶಾಂತಸಾಗರದ ದೊಡ್ಡ ಅಲೆಗಳನ್ನು ದೂರದಲ್ಲೇ ಮುರಿಯುತ್ತದೆ. ಒಳಗಿನ ನೀರು ಮಹಾಸಾಗರದಷ್ಟು ಒರಟಲ್ಲ. ಹಾಗೆಂದು ಅದು ಕೆರೆಯೂ ಅಲ್ಲ. ಪರವಾನಗಿ ಕೇಳದ ಕಡಲು ಪರೀಕ್ಷೆಯನ್ನೇ ಮಾಡುವುದಿಲ್ಲ ಎಂದು ತಿಳಿದರೆ ಮೋಸ ಹೋದಂತೆ. ಪರೀಕ್ಷೆ ಇದೆ, ಅದು ನಡೆಯುವುದು ಮನೆಯ ಊಟದ ಮೇಜಿನ ಮೇಲೆ, ಯೋಜನೆ ಹಾಕುವಾಗ.

ಈ ದ್ವೀಪಗಳ ಹೆಸರಿನಲ್ಲೇ ಒಂದು ಪಾಠವಿದೆ. 1769ರ ಜೂನ್ 3ರಂದು ಟಹೀಟಿ ದ್ವೀಪದಲ್ಲಿ ಶುಕ್ರಗ್ರಹ ಸೂರ್ಯಬಿಂಬವನ್ನು ದಾಟುವುದನ್ನು ವೀಕ್ಷಿಸಿದ್ದ ಜೇಮ್ಸ್ ಕುಕ್, ಸರಿಯಾಗಿ ಒಂದು ವರ್ಷದ ನಂತರ, ತನ್ನ ದಿನಚರಿಯ ಪ್ರಕಾರ 1770ರ ಜೂನ್ 3ರಂದು, ಎಂಡೆವರ್ ಹಡಗಿನಲ್ಲಿ ಈ ದ್ವೀಪಗಳ ನಡುವಿನ ಜಲಸಂಧಿಯನ್ನು ಹಾದುಹೋದ. ಅಂದು ಕ್ರೈಸ್ತರ ವಿಟ್‌ಸಂಡೇ ಹಬ್ಬದ ಭಾನುವಾರ. ಅದೇ ಹೆಸರನ್ನು ಜಲಸಂಧಿಗೆ ಇಟ್ಟ. ಆದರೆ ಇಂಗ್ಲೆಂಡಿನಿಂದ ಪಶ್ಚಿಮಾಭಿಮುಖವಾಗಿ ಬಂದಿದ್ದ ಅವನು ಹಾದಿಯಲ್ಲಿ ಒಂದು ದಿನವನ್ನು ದಾಟಿಬಂದಿದ್ದ. ಅಂತಾರಾಷ್ಟ್ರೀಯ ದಿನರೇಖೆ ಎಂಬ ಏರ್ಪಾಡು ಆಗಿನ್ನೂ ಇರಲಿಲ್ಲ. ಇಂದಿನ ಲೆಕ್ಕದಲ್ಲಿ ಅಂದು ಅಲ್ಲಿ ಸೋಮವಾರ! ಅಷ್ಟು ನಿಷ್ಠೆಯಿಂದ ಲೆಕ್ಕವಿಟ್ಟವನ ಪಂಚಾಂಗಕ್ಕೂ ಸ್ಥಳದ ಕಾಲಕ್ಕೂ ಒಂದು ದಿನದ ಅಂತರ ಉಳಿದುಬಿಟ್ಟಿತು.

ಬ್ರಿಸ್ಬೇನ್ ನಗರದಲ್ಲಿ ನೆಲೆಸಿರುವ ಕನ್ನಡ ಕುಟುಂಬವೊಂದು ಈ ದ್ವೀಪಗಳಲ್ಲಿ ಒಂದು ವಾರ ಕಳೆಯಬೇಕೆಂದು ನಿರ್ಧರಿಸಿತು. ತಂದೆ ಎಂಜಿನಿಯರ್, ತುಮಕೂರು ಕಡೆಯವರು. ಕಾಲೇಜಿಗೆ ಬರುವ ತನಕ ಸಮುದ್ರ ಕಂಡವರಲ್ಲ. ತಾಯಿ ಕುಂದಾಪುರದವರು, ಸಮುದ್ರದ ಸದ್ದು ಕೇಳುತ್ತಲೇ ಬೆಳೆದವರು. ಮಗಳು ಹನ್ನೊಂದನೆಯ ತರಗತಿ, ಮಗ ಏಳನೆಯ ತರಗತಿ. ಕುಟುಂಬದ ಯೋಜನಾ ಮಂತ್ರಿ ಸಹಜವಾಗಿಯೇ ತಂದೆ. ಕಚೇರಿಯ ಕೆಲಸವನ್ನು ಗಂಟೆಗಂಟೆಗೆ ವಿಂಗಡಿಸಿ ಅಭ್ಯಾಸವಾದ ಅವರು ಕಂಪ್ಯೂಟರಿನಲ್ಲಿ ಒಂದು ಕೋಷ್ಟಕ ತಯಾರಿಸಿದರು. ಏಳು ದಿನ, ಹನ್ನೊಂದು ಜಾಗ. ಬೆಳಿಗ್ಗೆ ಒಂಬತ್ತಕ್ಕೆ ಇಲ್ಲಿ, ಹನ್ನೆರಡಕ್ಕೆ ಅಲ್ಲಿ, ನಾಲ್ಕಕ್ಕೆ ಮತ್ತೊಂದು ಕಡೆ. ದುಬಾರಿ ದುಡ್ಡು ಕೊಟ್ಟ ಮೇಲೆ ಒಂದು ಗಂಟೆಯೂ ವ್ಯರ್ಥವಾಗಬಾರದು ಎಂಬುದು ಅವರ ನಿಲುವು. ಅದೇ ಶಿಸ್ತಿನ ಇನ್ನೊಂದು ಕೋಷ್ಟಕ ಮಗಳ ಓದುವ ಕೋಣೆಯ ಗೋಡೆಯ ಮೇಲೂ ಇತ್ತು.

ಆ ಚಂದದ ಕೋಷ್ಟಕಕ್ಕೆ ಮೊದಲ ಪೆಟ್ಟು ಕೊಟ್ಟದ್ದು ದೋಣಿ ಬಾಡಿಗೆಗೆ ಕೊಡುವವರು ಕಳುಹಿಸಿದ ಅರ್ಜಿ ನಮೂನೆ. ಅದರಲ್ಲಿ ಒಂದು ಅಂಕಣ: 'ದೋಣಿಯ ಮುಖ್ಯಸ್ಥರಿಗೆ ಇರುವ ಅನುಭವ.' ತಂದೆ ಒಂದು ಕ್ಷಣ ಯೋಚಿಸಿ, 'ಸಾಕಷ್ಟು ಇದೆ' ಎಂದು ಬರೆದರು. ಪಕ್ಕದಲ್ಲಿ ಕುಳಿತಿದ್ದ ಮಗ ಬಗ್ಗಿ ಓದಿ ಕೇಳಿದ:

"ಅಪ್ಪಾ, ಸಾಕಷ್ಟು ಅಂದರೆ ಎಷ್ಟು?"

ಹುಡುಗ ತಮಾಷೆಗೆ ಕೇಳಿರಲಿಲ್ಲ. ಅಳತೆ ಬರೆದ ಮೇಲೆ ಮಾನ ಬರೆಯದಿದ್ದರೆ ಅಂಕ ಇಲ್ಲ ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಉತ್ತರ ಹೇಳಲೇಬೇಕಾಯಿತು. ಮಾರ್ಟನ್ ಕೊಲ್ಲಿಯಲ್ಲಿ ಎರಡು ದಿನದ ತರಬೇತಿ. ಸ್ನೇಹಿತರ ದೋಣಿಯಲ್ಲಿ ನಾಲ್ಕು ಸಲ. ಒಬ್ಬರೇ ನಡೆಸಿದ್ದು ಇಲ್ಲವೇ ಇಲ್ಲ. ಲಂಗರು ಹಾಕಿ ರಾತ್ರಿ ಕಳೆದದ್ದೂ ಇಲ್ಲ.

"ಹಾಗೇ ಬರೆಯಿರಿ. ದೋಣಿ ಕೊಡದಿದ್ದರೆ ಬೇಡ. ಕಡಲಿಗೆ ಸುಳ್ಳು ಹೇಳಬಾರದು," ಎಂದರು ತಾಯಿ ಒಳಗಿನಿಂದ.

ತಂದೆಗೆ ಸ್ವಲ್ಪ ಮುಜುಗರವಾಯಿತು. ಆದರೂ ಹೊಡೆದುಹಾಕಿ, ಇದ್ದದ್ದನ್ನು ಇದ್ದ ಹಾಗೆ ಬರೆದರು. ಎರಡು ದಿನದಲ್ಲಿ ಉತ್ತರ ಬಂತು. ಅರ್ಜಿ ತಿರಸ್ಕಾರವಾಗಿರಲಿಲ್ಲ. ಮೊದಲ ಒಂದೆರಡು ದಿನ ತಿಳಿದ ನಾವಿಕರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ, ಅವರು ಒಪ್ಪಿದ ಮೇಲೆ ನೀವೇ ನಡೆಸಿ ಎಂಬ ಸಲಹೆ ಇತ್ತು. ಅದಕ್ಕೆ ಬೇರೆ ದುಡ್ಡು. 'ಸಾಕಷ್ಟು' ಎಂಬ ಒಂದು ಪದ ಉಳಿಸುತ್ತಿದ್ದ ದುಡ್ಡು ಅಷ್ಟೇ. ಅದು ಕಳೆಯಬಹುದಾಗಿದ್ದುದರ ಲೆಕ್ಕ ಹಾಕಲು ಯಾರೂ ಹೋಗಲಿಲ್ಲ.

ಎರಡನೆಯ ಪ್ರಶ್ನೆ ಯಾವ ತಿಂಗಳು ಎಂಬುದು. ಡಿಸೆಂಬರಿನಲ್ಲಿ ಶಾಲೆಗೆ ದೊಡ್ಡ ರಜೆ. ಆದರೆ ನವೆಂಬರಿನಿಂದ ಏಪ್ರಿಲ್ ತನಕ ಅಲ್ಲಿ ಚಂಡಮಾರುತದ ಕಾಲ. 2017ರ ಮಾರ್ಚ್ 28ರಂದು ಡೆಬ್ಬಿ ಎಂಬ ಚಂಡಮಾರುತ ಏರ್ಲಿ ಬೀಚ್ ಬಳಿ ದಡಕ್ಕೆ ಅಪ್ಪಳಿಸಿದಾಗ ಹ್ಯಾಮಿಲ್ಟನ್ ದ್ವೀಪದಲ್ಲಿ ಗಾಳಿಯ ವೇಗ ಗಂಟೆಗೆ 263 ಕಿಲೋಮೀಟರ್ ಮುಟ್ಟಿತ್ತು. ದ್ವೀಪಗಳ ಸುತ್ತಲಿನ ಹವಳವೂ ಪುಡಿಯಾಗಿತ್ತು. ಬೇಸಿಗೆಯ ತಿಂಗಳುಗಳಲ್ಲಿ ಇನ್ನೊಂದು ಕಾಟ ಲೋಳೆಮೀನುಗಳದು. ಅವುಗಳಲ್ಲಿ ಇರುಕಾಂಡ್ಜಿ ಎಂಬುದು ಹೆಬ್ಬೆರಳಿನ ಉಗುರಿನಷ್ಟೇ ದೊಡ್ಡದು. ಕುಟುಕಿದರೆ ಆಸ್ಪತ್ರೆಯೇ ಗತಿ. ಆ ಕಾಲದಲ್ಲಿ ಈಜುವವರು ಮೈತುಂಬ ಬಿಗಿಯಾದ ಉಡುಪು ತೊಡುತ್ತಾರೆ. ಕುಟುಕಿದ ಜಾಗಕ್ಕೆ ತಕ್ಷಣ ಸುರಿಯಲು ವಿನೆಗರ್ ಬಾಟಲಿ ಇಟ್ಟುಕೊಂಡಿರುತ್ತಾರೆ.

ಜೂನ್-ಜುಲೈನಲ್ಲಿ ಎರಡು ವಾರದ ರಜೆ ಇದೆ. ಆಗ ಅಲ್ಲಿ ಚಳಿಗಾಲ. ಆಸ್ಟ್ರೇಲಿಯದ ದಕ್ಷಿಣದಲ್ಲಿ ಅಧಿಕ ಒತ್ತಡದ ವಾಯುವಲಯಗಳು ಸಾಲಾಗಿ ಸಾಗುತ್ತವೆ. ದಕ್ಷಿಣಾರ್ಧಗೋಳದಲ್ಲಿ ಅಧಿಕ ಒತ್ತಡದ ಸುತ್ತ ಗಾಳಿ ಅಪ್ರದಕ್ಷಿಣೆಯಾಗಿ ಸುತ್ತುವುದರಿಂದ, ಉತ್ತರದಲ್ಲಿರುವ ಈ ದ್ವೀಪಗಳಿಗೆ ಅದು ಆಗ್ನೇಯದಿಂದ ಬೀಸುತ್ತದೆ. ಭೂಗೋಳದ ಪುಸ್ತಕದಲ್ಲಿ ವಾಣಿಜ್ಯ ಮಾರುತ ಎಂದು ಉರು ಹೊಡೆಯುವುದು ಇದನ್ನೇ. ಕೆಲವೊಮ್ಮೆ ಅದು ದಿನಗಟ್ಟಲೆ ಜೋರಾಗಿ ಬೀಸುತ್ತದೆ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣ. ಹತ್ತು ನಾಟ್ ಗಾಳಿ ಇಪ್ಪತ್ತಾದರೆ ಹಾಯಿಯ ಮೇಲಿನ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಅಲ್ಲಿನ ಹವಾಮಾನ ಇಲಾಖೆ 26 ನಾಟ್ ದಾಟುವ ಗಾಳಿಗೆ ಎಚ್ಚರಿಕೆ ಹೊರಡಿಸುತ್ತದೆ. ಅಂಥ ದಿನ ಬಾಡಿಗೆ ದೋಣಿಗಳು ಲಂಗರು ಕೀಳದೆ ಇದ್ದಲ್ಲೇ ಇರಬೇಕು ಎಂಬುದು ಸಾಮಾನ್ಯ ನಿಯಮ.

ಕೊನೆಗೆ ಆರಿಸಿದ್ದು ಸೆಪ್ಟೆಂಬರ್ ಕೊನೆಯ ರಜೆಯನ್ನು. ಅಲ್ಲಿ ಅದು ವಸಂತ. ಆಗ್ನೇಯ ಗಾಳಿ ಇಳಿಮುಖವಾಗಿರುತ್ತದೆ, ಲೋಳೆಮೀನಿನ ಕಾಲ ಇನ್ನೂ ಬಂದಿರುವುದಿಲ್ಲ, ಹೆಬ್ಬೆನ್ನಿನ ತಿಮಿಂಗಿಲಗಳು ಮರಿಗಳೊಂದಿಗೆ ಇನ್ನೂ ಇರುತ್ತವೆ. ಅವುಗಳಿಗೆ 300 ಮೀಟರಿಗಿಂತ ಹತ್ತಿರ ದೋಣಿ ಒಯ್ಯುವಂತಿಲ್ಲ. ಆದರೆ ಆ ತಿಂಗಳಿನಲ್ಲಿ ಗಾಳಿಯ ದಿಕ್ಕು ಉತ್ತರಕ್ಕೆ ತಿರುಗುವುದೂ ಉಂಟು. ಆಗ್ನೇಯ ಗಾಳಿಗೆ ಮರೆಯಾದ ಕೊಲ್ಲಿ ಉತ್ತರ ಗಾಳಿಗೆ ಬಾಯ್ತೆರೆದಿರುತ್ತದೆ. ಆದ್ದರಿಂದ ಒಂದೊಂದು ರಾತ್ರಿಗೂ ಎರಡೆರಡು ಹೆಸರು ಬರೆಯಬೇಕಾಯಿತು. ಗಾಳಿ ಹೀಗಿದ್ದರೆ ಇಲ್ಲಿ, ಹಾಗಿದ್ದರೆ ಅಲ್ಲಿ. ತಂದೆಯ ಕೋಷ್ಟಕದಲ್ಲಿ 'ಇದ್ದರೆ' ಎಂಬ ಶಬ್ದ ಮೊದಲ ಬಾರಿಗೆ ಕಾಣಿಸಿಕೊಂಡಿತು.

ಆ ಭಾನುವಾರ ತಾಯಿ ಎಂದಿನಂತೆ ಕುಂದಾಪುರಕ್ಕೆ ಫೋನ್ ಮಾಡಿದರು. ಅಜ್ಜ ವಿಷಯ ಕೇಳಿ ದೋಣಿಯ ಉದ್ದ ಕೇಳಲಿಲ್ಲ, ಬಾಡಿಗೆ ಕೇಳಲಿಲ್ಲ. "ಆ ವಾರ ಹುಣ್ಣಿಮೆ ಬೀಳ್ತದಾ ನೋಡು ಮಗಾ," ಎಂದರಷ್ಟೆ. ಅಮಾವಾಸ್ಯೆ, ಹುಣ್ಣಿಮೆಗೆ ಕಡಲು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ ಎಂಬುದು ಕರಾವಳಿಯ ಮಕ್ಕಳಿಗೆ ಯಾರೂ ಕಲಿಸಬೇಕಾದ ಪಾಠವಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಮೀನಿಗೆ ಹೋಗಬಾರದೆಂಬ ನಿಷೇಧ ಇರುವ ಊರಿನಲ್ಲಿ, ಕಡಲಿಗೆ ಹೋಗದಿರುವುದೂ ಕಡಲ ಕಸುಬಿನ ಒಂದು ಭಾಗ ಎಂದು ಎಲ್ಲರಿಗೂ ಗೊತ್ತು.

ಮಗಳು ಉಬ್ಬರವಿಳಿತದ ಪಟ್ಟಿ ತೆಗೆದು ಕುಳಿತಳು. ಮಂಗಳೂರಿನ ಕಡೆ ಸಮುದ್ರ ಏರಿ ಇಳಿಯುವುದು ಸುಮಾರು ಒಂದು, ಒಂದೂವರೆ ಮೀಟರ್. ವಿಟ್‌ಸಂಡೇ ದ್ವೀಪಗಳಲ್ಲಿ ಅದು ಮೂರು ಮೀಟರ್ ದಾಟುವುದುಂಟು. ಅಂದರೆ ಒಂದು ಮನೆಯ ಮಾಳಿಗೆಯಷ್ಟು ನೀರು ಆರು ಗಂಟೆಯಲ್ಲಿ ಬರುತ್ತದೆ, ಆರು ಗಂಟೆಯಲ್ಲಿ ಹೋಗುತ್ತದೆ. ಅದೂ ಒಂದೇ ವೇಗದಲ್ಲಿ ಅಲ್ಲ. ನಾವಿಕರು ಇದಕ್ಕೆ ಹನ್ನೆರಡರ ಸೂತ್ರ ಎಂಬ ಸುಲಭ ಲೆಕ್ಕ ಇಟ್ಟುಕೊಂಡಿದ್ದಾರೆ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಆರು ಗಂಟೆಗಳಲ್ಲಿ ಕ್ರಮವಾಗಿ 1, 2, 3, 3, 2, 1 ಪಾಲು ಏರುತ್ತದೆ. ಮೂರು ಮೀಟರ್ ಏರಿಕೆ ಎಂದರೆ ಮೊದಲ ಗಂಟೆ 25 ಸೆಂಟಿಮೀಟರ್, ಎರಡನೆಯದರಲ್ಲಿ 50, ನಡುವಿನ ಎರಡು ಗಂಟೆಗಳಲ್ಲಿ 75 ಮತ್ತು 75, ಮತ್ತೆ 50, ಕೊನೆಗೆ 25. ಗಣಿತದಲ್ಲಿ ಸೈನ್ ವಕ್ರರೇಖೆ ಓದಿದವರಿಗೆ ಈ ಅಂಕಿಗಳು ಎಲ್ಲಿಂದ ಬಂದವೆಂದು ತಿಳಿಯುತ್ತದೆ.

ಲಂಗರಿನ ಲೆಕ್ಕ ನಿಂತಿರುವುದೂ ಇದರ ಮೇಲೆಯೇ. ಲಂಗರು ತನ್ನ ತೂಕದಿಂದ ದೋಣಿಯನ್ನು ಹಿಡಿಯುವುದಿಲ್ಲ. ಸರಪಳಿ ತಳದಲ್ಲಿ ಅಡ್ಡಡ್ಡ ಎಳೆದಾಗ ಮರಳಿನಲ್ಲಿ ಹೂತು ಹಿಡಿಯುತ್ತದೆ. ಹಾಗಾಗಲು ಆಳದ ಐದು ಪಟ್ಟು ಸರಪಳಿ ಬಿಡಬೇಕೆಂಬುದು ರೂಢಿ. ಇಳಿತದ ಹೊತ್ತಿನಲ್ಲಿ ನಾಲ್ಕು ಮೀಟರ್ ಆಳ ಕಂಡು, ನೀರಿನಿಂದ ದೋಣಿಯ ಮೂತಿಯ ಎತ್ತರ ಒಂದು ಮೀಟರ್ ಸೇರಿಸಿ, ಐದೈದಲಿ ಇಪ್ಪತ್ತೈದು ಎಂದು 25 ಮೀಟರ್ ಬಿಟ್ಟು ನಿಶ್ಚಿಂತೆಯಿಂದ ಮಲಗಿದರೆ, ನಡುರಾತ್ರಿ ಉಬ್ಬರ ಮೂರು ಮೀಟರ್ ಏರಿಸಿರುತ್ತದೆ. ಆಗ ಲೆಕ್ಕ ಎಂಟೈದಲಿ ನಲವತ್ತು. ಹದಿನೈದು ಮೀಟರ್ ಸರಪಳಿ ಸಾಲದೆ ಲಂಗರು ಕಿತ್ತು, ದೋಣಿ ಹವಳದ ಕಡೆಗೆ ಸದ್ದಿಲ್ಲದೆ ಜಾರತೊಡಗುತ್ತದೆ. ಸಾಯಂಕಾಲದ ಆಳವನ್ನಲ್ಲ, ನಡುರಾತ್ರಿಯ ಆಳವನ್ನು ನೋಡಿ ಮಲಗಬೇಕು.

ಪಟ್ಟಿ ನೋಡುತ್ತಿದ್ದ ಮಗಳು ತಲೆಯೆತ್ತಿ ಹೇಳಿದಳು: "ಅಪ್ಪಾ, ನೀವು ಬುಧವಾರ ಬೆಳಿಗ್ಗೆ ಬರೆದಿರುವ ದಾರಿ ಆಗುವುದಿಲ್ಲ."

ಬುಧವಾರ ಬೆಳಿಗ್ಗೆ ತಂದೆಯ ಕೋಷ್ಟಕದ ಮುಕುಟಮಣಿ. ಸುಮಾರು ಏಳು ಕಿಲೋಮೀಟರ್ ಉದ್ದದ, ಸಿಲಿಕಾ ಮರಳಿನಿಂದ ಹಿಟ್ಟಿನಂತೆ ಬೆಳ್ಳಗಿರುವ ವೈಟ್‌ಹೇವನ್ ಕಡಲತೀರಕ್ಕೆ ಸಾಲ್ವೇ ಜಲಸಂಧಿಯ ಮೂಲಕ ಹೋಗುವ ದಿನ ಅದು. ಮಗಳು ವಿವರಿಸಿದಳು. ಆ ದ್ವೀಪಗಳ ನಡುವೆ ಉಬ್ಬರದ ನೀರು ದಕ್ಷಿಣಕ್ಕೆ ಹರಿಯುತ್ತದೆ, ಇಳಿತದ ನೀರು ಉತ್ತರಕ್ಕೆ. ಆಗ್ನೇಯ ಗಾಳಿ ಉತ್ತರದ ಕಡೆಗೆ ಬೀಸುತ್ತದೆ. ಉಬ್ಬರದ ನಡುಹೊತ್ತಿನಲ್ಲಿ ಸೆಳವೂ ಗಾಳಿಯೂ ಎದುರುಬದುರಾಗಿ ನಿಲ್ಲುತ್ತವೆ. ಆಗ ಅಲೆಗಳು ಒತ್ತೊತ್ತಾಗಿ, ಕಡಿದಾಗಿ ಏಳುತ್ತವೆ. ಸಾಲ್ವೇ ಕಿರಿದಾದ ಸಂದು. ಅಲ್ಲಿ ನೀರು ಕುದಿಯುವ ಪಾತ್ರೆಯಂತಿರುತ್ತದೆ. ತಂದೆ ಬರೆದಿದ್ದ ಹೊತ್ತು ಸರಿಯಾಗಿ ಹನ್ನೆರಡರ ಸೂತ್ರದ ಮೂರನೆಯ ಗಂಟೆ.

ಮನೆಯಲ್ಲಿ ಸ್ವಲ್ಪ ಹೊತ್ತು ಮಾತಿರಲಿಲ್ಲ. ಮಗಳು ತಂದೆಯ ಕೋಷ್ಟಕವನ್ನು ತಪ್ಪೆಂದು ತೋರಿಸಿದ್ದು ಅದೇ ಮೊದಲು. ಗೋಡೆಯ ಮೇಲಿನ ಕೋಷ್ಟಕದ ಬಗ್ಗೆ ಅವಳು ಎಂದೂ ಏನೂ ಹೇಳಿರಲಿಲ್ಲ. ತಂದೆ ಪಟ್ಟಿಯನ್ನು ತಮ್ಮ ಕಡೆಗೆ ಎಳೆದುಕೊಂಡು ಎರಡು ಸಲ ನೋಡಿದರು. ಆಮೇಲೆ ಬುಧವಾರವನ್ನು ಅಳಿಸಿದರು.

ಉಬ್ಬರವನ್ನು ಲಘುವಾಗಿ ಎಣಿಸಬಾರದೆಂಬುದಕ್ಕೆ ಕುಕ್‌ನ ಕಥೆಯ ಮುಂದಿನ ಭಾಗ ಸಾಕ್ಷಿ. ಜಲಸಂಧಿಗೆ ಹೆಸರಿಟ್ಟ ಎಂಟೇ ದಿನಕ್ಕೆ, 1770ರ ಜೂನ್ 11ರ ರಾತ್ರಿ, ಬೆಳದಿಂಗಳಿನಲ್ಲಿ ಸಾಗುತ್ತಿದ್ದ ಎಂಡೆವರ್ ಹವಳದ ದಿಬ್ಬವೊಂದಕ್ಕೆ ಬಡಿದು ಸಿಕ್ಕಿಕೊಂಡಿತು. ಸಿಕ್ಕಿಕೊಂಡದ್ದು ಉಬ್ಬರ ತುಂಬಿದ್ದ ಹೊತ್ತಿನಲ್ಲಿ. ಇಳಿತದಲ್ಲಿ ಸಿಕ್ಕಿದ ಹಡಗನ್ನು ಬರುವ ಉಬ್ಬರ ಎತ್ತಿಬಿಡುತ್ತದೆ. ಉಬ್ಬರದಲ್ಲಿ ಸಿಕ್ಕಿದ್ದನ್ನು ಎತ್ತುವುದಕ್ಕೆ ಅಷ್ಟೇ ದೊಡ್ಡ ಇನ್ನೊಂದು ಉಬ್ಬರ ಬರಬೇಕು. ಹಡಗು ಹಗುರವಾಗಲೆಂದು ಆರು ಫಿರಂಗಿಗಳನ್ನೂ ಟನ್ನುಗಟ್ಟಲೆ ಭಾರವನ್ನೂ ಸಮುದ್ರಕ್ಕೆ ಎಸೆದು ಮರುದಿನ ಹಗಲಿನ ಉಬ್ಬರಕ್ಕೆ ಕಾದರು. ಅದು ಸುಮಾರು ಒಂದೂವರೆ ಅಡಿ ಸಾಲದೇ ಹೋಯಿತು. ಆ ಕರಾವಳಿಯಲ್ಲಿ ಒಂದೇ ದಿನದ ಎರಡು ಉಬ್ಬರಗಳು ಒಂದೇ ಎತ್ತರ ಇರುವುದಿಲ್ಲ. ರಾತ್ರಿಯ ಉಬ್ಬರ ಬಂದು ಎತ್ತುವಷ್ಟರಲ್ಲಿ ಸಿಕ್ಕಿಕೊಂಡು ಸುಮಾರು ಇಪ್ಪತ್ಮೂರು ಗಂಟೆ ಕಳೆದಿತ್ತು. ಆಮೇಲೆ ನದೀಮುಖವೊಂದರಲ್ಲಿ ದುರಸ್ತಿಗೆಂದು ಸುಮಾರು ಏಳು ವಾರ ನಿಲ್ಲಬೇಕಾಯಿತು. ಆ ಫಿರಂಗಿಗಳು ಸಮುದ್ರದ ತಳದಲ್ಲಿ ಮತ್ತೆ ಸಿಕ್ಕಿದ್ದು 1969ರಲ್ಲಿ. ಕುಕ್‌ನ ಕೈಯಲ್ಲಿ ಆ ಕಡಲಿನ ನಕ್ಷೆಯೂ ಇರಲಿಲ್ಲ, ಪಟ್ಟಿಯೂ ಇರಲಿಲ್ಲ. ಇಂದಿನವರ ಕೈಯಲ್ಲಿ ಎರಡೂ ಇವೆ. ತೆರೆದು ನೋಡುವುದೊಂದೇ ಬಾಕಿ.

ನೀರಿನ ಮಧ್ಯೆ ಇದ್ದರೂ ನೀರಿನದೇ ಚಿಂತೆ. ದೋಣಿಯ ತೊಟ್ಟಿಯಲ್ಲಿ 500 ಲೀಟರ್ ಸಿಹಿನೀರು ಇದೆ ಎಂದುಕೊಂಡರೆ, ನಾಲ್ಕು ಜನಕ್ಕೆ ಏಳು ದಿನಕ್ಕೆ ಹಂಚಿದಾಗ ಒಬ್ಬರಿಗೆ ದಿನಕ್ಕೆ ಹದಿನೆಂಟು ಲೀಟರ್ ಕೂಡ ಬರುವುದಿಲ್ಲ. ನಗರದ ಮನೆಯಲ್ಲಿ ಷವರಿನ ಕೆಳಗೆ ಎರಡು ಮೂರು ನಿಮಿಷ ನಿಂತರೆ ಅಷ್ಟು ಮುಗಿಯುತ್ತದೆ. ಕುಡಿಯುವುದು, ಅಡಿಗೆ, ಪಾತ್ರೆ, ಸ್ನಾನ ಎಲ್ಲವೂ ಅದರಲ್ಲೇ ಆಗಬೇಕು. ಪಾತ್ರೆಗಳನ್ನು ಮೊದಲು ಸಮುದ್ರದ ನೀರಿನಲ್ಲಿ ತೊಳೆದು, ಕೊನೆಯ ಒಂದು ಚೊಂಬು ಮಾತ್ರ ಸಿಹಿನೀರು ಎಂದು ತಾಯಿ ತೀರ್ಪು ಕೊಟ್ಟರು. ಊರಿನ ಬೇಸಿಗೆಯಲ್ಲಿ ಬಾವಿ ತಳ ಕಂಡಾಗ ಅವರ ಅಮ್ಮ ಮಾಡುತ್ತಿದ್ದದ್ದೂ ಇಂಥದೇ ಲೆಕ್ಕ.

ವಿದ್ಯುತ್ತಿನ ಲೆಕ್ಕ ಮಗನ ಪಾಲಿಗೆ ಬಂತು. ತಂಪುಪೆಟ್ಟಿಗೆ ಸರಾಸರಿ 4 ಆಂಪಿಯರ್ ಎಳೆದರೂ ಇಪ್ಪತ್ತನಾಲ್ಕು ಗಂಟೆಗೆ 96 ಆಂಪಿಯರ್-ಗಂಟೆ. ಬ್ಯಾಟರಿಗಳ ಒಟ್ಟು ಶಕ್ತಿ 400 ಎಂದಿಟ್ಟುಕೊಂಡರೂ, ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಸ್ಸು ಕುಗ್ಗುತ್ತದೆ. ಉಳಿದದ್ದು 200. ದೀಪ, ರೇಡಿಯೋ, ಪಂಪು ಸೇರಿದರೆ ಎರಡು ದಿನಕ್ಕೂ ಸಾಲದು. ಆದ್ದರಿಂದ ದಿನವೂ ಒಂದೆರಡು ಗಂಟೆ ಎಂಜಿನ್ ಓಡಿಸಿ ತುಂಬಬೇಕು. ಎಲ್ಲರ ಮೊಬೈಲುಗಳನ್ನು ಯಾವಾಗ ಚಾರ್ಜ್ ಮಾಡಬಹುದು ಎಂಬ ಆದೇಶ ಹೊರಡಿಸುವ ಅಧಿಕಾರ ಸಿಕ್ಕಿದ್ದು ಮಗನಿಗೆ ಬಹಳ ಖುಷಿ ತಂದಿತು.

ಊಟದ ಪಟ್ಟಿಯಲ್ಲಿ ತಂದೆ ಬರೆದಿದ್ದದ್ದು ದೋಸೆ, ಪೂರಿ. ತೂಗುವ ದೋಣಿಯಲ್ಲಿ ಕಾದ ಎಣ್ಣೆಯ ಬಾಣಲೆಯನ್ನು ಊಹಿಸಿಕೊಂಡ ತಾಯಿ ಪೂರಿಗೆ ಅಲ್ಲೇ ಗೆರೆ ಎಳೆದರು. ಬದಲಿಗೆ ಮನೆಯಲ್ಲೇ ಹುರಿದು ತಂದ ಉಪ್ಪಿಟ್ಟಿನ ರವೆ, ಅವಲಕ್ಕಿ, ಪುಳಿಯೋಗರೆ ಗೊಜ್ಜು, ಕುಕ್ಕರಿನಲ್ಲಿ ಒಂದೇ ಸಲಕ್ಕೆ ಆಗುವ ಬಿಸಿಬೇಳೆ ಅನ್ನ. ವಾಂತಿಯ ಮಾತ್ರೆಗಳು, ಸುಟ್ಟಗಾಯದ ಮುಲಾಮು, ಜೀವರಕ್ಷಕ ಜಾಕೆಟ್ಟುಗಳ ಅಳತೆ ಎಲ್ಲವನ್ನೂ ಬರೆದುಕೊಂಡದ್ದು ಅವರೇ.

ಹೋಗುವ ಜಾಗದವರ ನಡಾವಳಿಯನ್ನೂ ತಿಳಿದಿರಬೇಕಲ್ಲ. ಈ ಹವಳದ ಸಾಲು 1981ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಹವಳ ಕಲ್ಲಿನಂತೆ ಕಂಡರೂ ಜೀವಿಗಳ ಕಾಲೋನಿ. ಎಳೆದಾಡುವ ಒಂದು ಸರಪಳಿ ವರ್ಷಗಟ್ಟಲೆ ಬೆಳೆದದ್ದನ್ನು ಒಂದು ರಾತ್ರಿಯಲ್ಲಿ ಒರೆಸಿಹಾಕಬಲ್ಲದು. ಆದ್ದರಿಂದ ಬಹಳಷ್ಟು ಕೊಲ್ಲಿಗಳಲ್ಲಿ ಬಿಳಿಯ ತೇಲುಗುರುತುಗಳನ್ನು ಇಟ್ಟು, ಅವುಗಳಿಂದ ದಡದ ಕಡೆಗೆ ಲಂಗರು ಹಾಕಬಾರದೆಂದು ನಿಯಮ ಮಾಡಿದ್ದಾರೆ. ದೋಣಿ ಕಟ್ಟಲು ನೀಲಿಯ ತೇಲುಬುರುಡೆಗಳು ಬೇರೆ ಇವೆ. ಎಷ್ಟು ಉದ್ದದ ದೋಣಿಯನ್ನು ಕಟ್ಟಬಹುದು ಎಂಬುದನ್ನು ಅವುಗಳ ಮೇಲಿನ ಬಣ್ಣದ ಪಟ್ಟಿ ಹೇಳುತ್ತದೆ.

ಈ ದ್ವೀಪಗಳೂ ನಿಜಕ್ಕೆ ದ್ವೀಪಗಳಾಗಿ ಹುಟ್ಟಿದವಲ್ಲ. ಸುಮಾರು ಇಪ್ಪತ್ತು ಸಾವಿರ ವರ್ಷಗಳ ಹಿಂದೆ, ಹಿಮಯುಗ ತುತ್ತತುದಿ ಮುಟ್ಟಿದ್ದಾಗ, ಸಮುದ್ರದ ಮಟ್ಟ ಸುಮಾರು 120 ಮೀಟರ್ ಕೆಳಗಿತ್ತು. ಇವೆಲ್ಲ ಆಗ ಬೆಟ್ಟಗಳು. ಹಿಮ ಕರಗಿ ನೀರು ಏರಿದಾಗ ಕಣಿವೆಗಳು ಮುಳುಗಿ ನೆತ್ತಿಗಳು ಮಾತ್ರ ಉಳಿದವು. ಹುಕ್ ದ್ವೀಪದ ನಾರಾ ಕೊಲ್ಲಿಯಲ್ಲಿ ಅಲ್ಲಿನ ಮೂಲನಿವಾಸಿಗಳಾದ ಙಾರೋ ಜನರ ಗುಹಾಚಿತ್ರಗಳಿವೆ. ಅವರು ಅಲ್ಲಿ ಬದುಕಿದ ಕುರುಹುಗಳು ಸುಮಾರು 9000 ವರ್ಷ ಹಿಂದಕ್ಕೆ ಹೋಗುತ್ತವೆ. ಮರದ ತೊಗಟೆಯ ದೋಣಿಗಳಲ್ಲಿ ಅವರು ಇದೇ ಸೆಳವುಗಳನ್ನು ದಾಟುತ್ತಿದ್ದರು. ಅವರಿಗೂ ಪರವಾನಗಿ ಇರಲಿಲ್ಲ. ಆದರೆ ತಲೆಮಾರುಗಳ ತಿಳಿವಳಿಕೆ ಇತ್ತು.

ಕೊನೆಗೂ ಸಿದ್ಧವಾದ ಯೋಜನೆ ಹೀಗಿತ್ತು. ಮೊದಲ ದಿನ ಏರ್ಲಿ ಬೀಚಿನಲ್ಲಿ ದೋಣಿ ಪಡೆದು, ಕಲಿತು, ಜಲಸಂಧಿ ದಾಟಿ ಸಿಡ್ ಬಂದರಿನಲ್ಲಿ ರಾತ್ರಿ. ಅಲ್ಲಿ ನೀರು ಕೊಳದಂತೆ ಶಾಂತ. ಆದರೆ ಮಕ್ಕಳ ಈಜು ಇಲ್ಲ. 2018ರ ಸೆಪ್ಟೆಂಬರಿನಲ್ಲಿ ಅಲ್ಲಿ ಇಬ್ಬರ ಮೇಲೆ ಶಾರ್ಕ್ ಎರಗಿತ್ತು, ನವೆಂಬರಿನಲ್ಲಿ ಒಬ್ಬರು ಪ್ರಾಣ ಕಳೆದುಕೊಂಡರು. ನೀರು ಶಾಂತವಾಗಿದೆ ಎಂದ ಮಾತ್ರಕ್ಕೆ ಇಳಿಯಬಹುದು ಎಂದಲ್ಲ. ಎರಡನೆಯ ರಾತ್ರಿ ನಾರಾ ಕೊಲ್ಲಿ. ಮೂರನೆಯ ದಿನ ಸೆಳವು ನಿಂತ ಹೊತ್ತಿನಲ್ಲಿ ಹುಕ್ ಜಲಸಂಧಿ ದಾಟಿ ಟಂಗ್ ಕೊಲ್ಲಿ. ನಾಲ್ಕನೆಯ ದಿನ, ಉಬ್ಬರವಿಳಿತದ ಪಟ್ಟಿ ಒಪ್ಪಿದ ಗಂಟೆಯಲ್ಲಿ, ವೈಟ್‌ಹೇವನ್. ಆರನೆಯ ದಿನ ಹುಕ್ ದ್ವೀಪದ ಉತ್ತರದ ಬಟರ್‌ಫ್ಲೈ ಕೊಲ್ಲಿ, ಅದೂ ಉತ್ತರದ ಗಾಳಿ ಇಲ್ಲದಿದ್ದರೆ ಮಾತ್ರ. ಏಳನೆಯ ರಾತ್ರಿ ಊರಿಗೆ ಹತ್ತಿರ. ಮರುದಿನ ಬೆಳಿಗ್ಗೆ ದೋಣಿ ಒಪ್ಪಿಸಬೇಕಾದ್ದರಿಂದ ಆತುರದ ಪ್ರಯಾಣ ಇರಕೂಡದು. ದಿನವೂ ಬೆಳಿಗ್ಗೆ ಸಂಜೆ ರೇಡಿಯೋದಲ್ಲಿ ತಾವೆಲ್ಲಿದ್ದೇವೆಂದು ತಿಳಿಸಬೇಕು. ಹೊತ್ತು ಮುಳುಗುವ ಮುಂಚೆಯೇ ಲಂಗರು ಬಿದ್ದಿರಬೇಕು. ಬಾಡಿಗೆ ದೋಣಿ ರಾತ್ರಿ ಚಲಿಸುವಂತಿಲ್ಲ.

ಐದನೆಯ ದಿನದ ಎದುರು ಏನೂ ಬರೆದಿರಲಿಲ್ಲ. ಅದು ಮರೆವಲ್ಲ. ಗಾಳಿ ಜೋರಾದರೆ ಇದ್ದಲ್ಲೇ ಇರುವುದಕ್ಕೆ, ಒಂದು ಜಾಗ ಹಿಡಿಸಿದರೆ ಇನ್ನೊಂದು ದಿನ ಉಳಿಯುವುದಕ್ಕೆ, ಯಾರಿಗಾದರೂ ಮೈ ಸರಿಯಿಲ್ಲದಿದ್ದರೆ ಮಲಗುವುದಕ್ಕೆ ಆ ದಿನ. ಕಡಲಿನಲ್ಲಿ ಅಪಾಯಕ್ಕೆ ಸಿಕ್ಕುವವರಲ್ಲಿ ಬಹಳ ಮಂದಿ ಸಾಹಸ ಮಾಡಹೊರಟವರಲ್ಲ. ಮೊದಲೇ ಬರೆದ ವೇಳಾಪಟ್ಟಿಯನ್ನು ಉಳಿಸಿಕೊಳ್ಳಲು ಹೊರಟವರು. ಖಾಲಿ ದಿನ ಇರುವ ಯೋಜನೆಗೆ ಆ ಒತ್ತಡ ಇಲ್ಲ. ಹನ್ನೊಂದು ಜಾಗಗಳಲ್ಲಿ ಉಳಿದದ್ದು ಅರ್ಧಕ್ಕಿಂತ ತುಸು ಹೆಚ್ಚು ಅಷ್ಟೆ.

ಯೋಜನೆಯ ಅಡಿಯಲ್ಲಿ ತಾಯಿ ಒಂದು ಸಾಲು ಸೇರಿಸಿದರು: 'ನಾಲ್ವರಲ್ಲಿ ಯಾರು ಬೇಡ ಎಂದರೂ ಬೇಡ. ಕಾರಣ ಆಮೇಲೆ ಕೇಳುವುದು.' ಚುಕ್ಕಾಣಿ ಹಿಡಿದವರಿಗೆ ಕಾಣದ್ದು ಮೂತಿಯಲ್ಲಿ ಕುಳಿತ ಹುಡುಗನಿಗೆ ಕಾಣಬಹುದು. ಹವಳದ ದಿಬ್ಬ ಚೆನ್ನಾಗಿ ಕಾಣುವುದು ಸೂರ್ಯ ಮೇಲಿದ್ದು ಬೆನ್ನ ಹಿಂದಿದ್ದಾಗ. ಆಗ ಆಳದ ನೀರು ಕಡುನೀಲಿ, ಆಳವಿಲ್ಲದ್ದು ಹಸಿರು, ದಿಬ್ಬ ಕಂದು. ಮುಂದೆ ಕುಳಿತವನು ಕಂದು ಬಣ್ಣ ಕಂಡು ಕೂಗಿದರೆ, ಕೂಗಿದವನ ವಯಸ್ಸು ಹನ್ನೆರಡೇ ಐವತ್ತೇ ಎಂದು ನೋಡುತ್ತ ಕೂರಲಾಗದು. ಮನೆಯಲ್ಲಿ ಎಂದೂ ಬೇಡ ಎನ್ನಲು ಬಿಡದ ಮಗು, ಆ ಹೊತ್ತಿನಲ್ಲಿ ಮಾತ್ರ ಧೈರ್ಯವಾಗಿ ಕೂಗಬೇಕೆಂದು ನಿರೀಕ್ಷಿಸುವುದು ಹೇಗೆ?

ಮಕ್ಕಳ ಓದಿಗೆ, ಪರೀಕ್ಷೆಗೆ, ಮುಂದಿನ ಐದು ವರ್ಷಕ್ಕೆ ಕೋಷ್ಟಕ ಹಾಕುವ ತಂದೆತಾಯಂದಿರು ಕರ್ನಾಟಕದಲ್ಲೂ ಕಡಿಮೆಯಿಲ್ಲ. ಕೋಷ್ಟಕ ಹಾಕುವುದು ತಪ್ಪಲ್ಲ. ಹಾಕದೆ ಹೊರಟವನನ್ನು ಕಡಲು ಕ್ಷಮಿಸುವುದಿಲ್ಲ. ಆದರೆ ಗಾಳಿಯೂ ಉಬ್ಬರವೂ ಇಲ್ಲವೆಂದು ಭಾವಿಸಿ ಹಾಕಿದ ಕೋಷ್ಟಕ, ಎಷ್ಟೇ ಅಂದವಾಗಿದ್ದರೂ, ನಡುರಾತ್ರಿಯ ಆಳಕ್ಕೆ ಸಾಲದ ಸರಪಳಿಯಂತೆ. ಮಗುವಿಗೂ ಅದರದೇ ಆದ ಏರಿಳಿತಗಳಿವೆ. ಅವುಗಳ ಪಟ್ಟಿ ಯಾವ ಇಲಾಖೆಯೂ ಅಚ್ಚು ಹಾಕಿಸುವುದಿಲ್ಲ. ಕೇಳಿಯೇ ತಿಳಿಯಬೇಕು.

ಆ ಕುಟುಂಬದ ಪ್ರಯಾಣ ಇನ್ನೂ ಮುಂದಿದೆ. ದೋಣಿ ಏರುವ ಮುಂಚೆಯೇ ಒಂದು ಬದಲಾವಣೆಯಂತೂ ಆಗಿದೆ. ಮಗಳ ಕೋಣೆಯ ಗೋಡೆಯ ಮೇಲಿದ್ದ ಕೋಷ್ಟಕದಲ್ಲಿ ಗುರುವಾರ ಸಂಜೆಯ ಮೂರು ಗಂಟೆಗಳನ್ನು ಈಗ ಅಳಿಸಲಾಗಿದೆ. ಅಳಿಸಿದ್ದು ತಂದೆ. ಅಲ್ಲಿ ಏನು ಬರೆಯಬೇಕೆಂದು ಅವರು ಹೇಳಿಲ್ಲ. ಮಗಳೂ ಇನ್ನೂ ಏನನ್ನೂ ಬರೆದಿಲ್ಲ.